ಹೆಸರು ಬಿಡದ ಹಳ್ಳಿ ತೊರವಿ

ಕನ್ನಡ ಓದಿದವರಿಗೆ ‘ತೊರವೆ ರಾಮಾಯಣ’ ಎಂಬ ಹೆಸರು ಹೊಸದಲ್ಲ. ಶಾಲೆಯಲ್ಲಿ ಅದರ ನಾಲ್ಕು ಪದ್ಯಗಳನ್ನು ಬಾಯಿಪಾಠ ಮಾಡಿದವರುಂಟು. ಗಮಕದ ಸಭೆಯಲ್ಲಿ ಕೇಳಿ ತಲೆದೂಗಿದವರುಂಟು. ‘ಕವಿ ಕುಮಾರ ವಾಲ್ಮೀಕಿ, ಛಂದಸ್ಸು ಭಾಮಿನಿ ಷಟ್ಪದಿ’ ಎಂದು ಪರೀಕ್ಷೆಯ ಹಿಂದಿನ ರಾತ್ರಿ ಉರುಹೊಡೆದವರಂತೂ ಲೆಕ್ಕವಿಲ್ಲದಷ್ಟು. ಆದರೆ ‘ತೊರವೆ ಎಂದರೇನು?’ ಎಂದು ಕೇಳಿ ನೋಡಿ. ಉತ್ತರ ಹೇಳುವವರು ಸ್ವಲ್ಪ ತಡವರಿಸುತ್ತಾರೆ. ಅದೊಂದು ಊರು, ಈಗಲೂ ಒಲೆ ಹೊತ್ತುವ, ಬಸ್ಸು ನಿಲ್ಲುವ, ಹುಡುಗರು ಬಯಲಿನಲ್ಲಿ ಕ್ರಿಕೆಟ್ ಆಡುವ ಊರು ಎಂದರೆ ಅನೇಕರಿಗೆ ಆಶ್ಚರ್ಯ. ಪುಸ್ತಕದೊಳಗಿನ ಊರು ನೆಲದ ಮೇಲೂ ಇರಬಹುದು ಎಂಬುದು ಯಾಕೋ ನಮಗೆ ಹೊಳೆಯುವುದೇ ಇಲ್ಲ.

ವಿಜಯಪುರ ನಗರದಿಂದ ಪಶ್ಚಿಮಕ್ಕೆ, ತಿಕೋಟಾ ಮಾರ್ಗವಾಗಿ ಅಥಣಿಗೆ ಹೋಗುವ ದಾರಿಯಲ್ಲಿ, ಐದಾರು ಕಿಲೋಮೀಟರಿನೊಳಗೇ ತೊರವಿ ಸಿಗುತ್ತದೆ. ಸಾಹಿತ್ಯದ ಪುಸ್ತಕಗಳಲ್ಲಿ ‘ತೊರವೆ’, ಸ್ಥಳೀಯರ ಬಾಯಲ್ಲಿ ‘ತೊರವಿ’. ತಿಕೋಟಾಕ್ಕೆ ಹೊರಟ ಪ್ರಯಾಣಿಕ ಸೀಟು ಹಿಡಿದು, ಚೀಲವನ್ನು ಕಾಲ ಕೆಳಗೆ ಸರಿಸಿ, ಚಿಲ್ಲರೆ ಎಣಿಸುವುದರೊಳಗೆ ಈ ಊರು ಬಂದು ಹೋಗಿರುತ್ತದೆ. ಗೋಲಗುಮ್ಮಟ ನೋಡಲು ಬಂದ ಪ್ರವಾಸಿಗೆ ಇಷ್ಟು ದೂರವೂ ಹೆಚ್ಚಾಯಿತು. ತಿಕೋಟಾ, ಅಥಣಿಯವರಿಗೆ ಇದು ತೀರಾ ಹತ್ತಿರವಾಯಿತು. ಹೀಗೆ ದೂರಕ್ಕೂ ಸಲ್ಲದ, ಹತ್ತಿರಕ್ಕೂ ಸಲ್ಲದ ಜಾಗದಲ್ಲಿ ಕುಳಿತ ಹಳ್ಳಿ ಇದು.

ಆದರೆ ಇಷ್ಟು ಚಿಕ್ಕ ಊರಿನ ಬಾಗಿಲಿಗೆ ದೊಡ್ಡ ಸಂಗತಿಗಳು ನಾಲ್ಕು ಸಲ ಬಂದಿವೆ. ಒಮ್ಮೆ ಕಾವ್ಯ ಬಂತು. ಒಮ್ಮೆ ನೀರಿಗಾಗಿ ನಗರ ಬಂತು. ಒಮ್ಮೆ ರಾಜಧಾನಿಯೇ ಬಂದು ನಿಂತಿತು. ಈಗ ವಿಶ್ವವಿದ್ಯಾಲಯ ಬಂದಿದೆ. ಬಂದದ್ದರಲ್ಲಿ ಯಾವುದು ಉಳಿಯಿತು, ಯಾವುದು ಹೋಯಿತು ಎಂದು ನೋಡುತ್ತ ಹೋದರೆ ಒಂದು ಹಳ್ಳಿಯ ಚರಿತ್ರೆಯಲ್ಲಿ ನಾಡಿನ ಚರಿತ್ರೆಯೇ ಸಿಗುತ್ತದೆ.

ಮೊದಲು ಕಾವ್ಯದ ಮಾತು. ಕುಮಾರ ವಾಲ್ಮೀಕಿ ಎಂಬುದು ಬಿರುದಿನಂಥ ಹೆಸರು. ಕವಿಯ ನಿಜನಾಮ ನರಹರಿ. ಕ್ರಿ.ಶ. 1500ರ ಸುಮಾರಿನವನೆಂದು ಸಾಹಿತ್ಯ ಚರಿತ್ರೆಕಾರರು ಸಾಮಾನ್ಯವಾಗಿ ಹೇಳುತ್ತಾರೆ. ಸ್ವಲ್ಪ ಹಿಂದೆ ಮುಂದೆ ಎಳೆಯುವವರೂ ಇದ್ದಾರೆ. ಅಷ್ಟರಲ್ಲಾಗಲೇ ಗದುಗಿನ ನಾರಣಪ್ಪ ಕುಮಾರವ್ಯಾಸನೆಂಬ ಹೆಸರಿನಿಂದ ಭಾರತವನ್ನು ಭಾಮಿನಿ ಷಟ್ಪದಿಯಲ್ಲಿ ಹಾಡಿದ್ದ. ಅದೇ ಹಾದಿಯಲ್ಲಿ, ಅದೇ ಛಂದಸ್ಸಿನಲ್ಲಿ ನರಹರಿ ರಾಮಾಯಣವನ್ನು ಕನ್ನಡಕ್ಕೆ ತಂದ. ಅದಕ್ಕೆ ಮೊದಲು ಕನ್ನಡದಲ್ಲಿ ರಾಮಕಥೆ ಇರಲಿಲ್ಲವೆಂದಲ್ಲ. ನಾಗಚಂದ್ರನಂಥ ಜೈನ ಕವಿಗಳು ತಮ್ಮ ಪರಂಪರೆಯ ರಾಮಕಥೆಯನ್ನು ಬಹು ಚೆನ್ನಾಗಿ ಬರೆದಿದ್ದರು. ವಾಲ್ಮೀಕಿಯ ಕಥೆಯನ್ನು ಹಿಡಿದು, ಸಾಮಾನ್ಯ ಜನ ಕೂತು ಕೇಳುವ ಹಾಗೆ, ಸಾವಿರಾರು ಷಟ್ಪದಿಗಳಲ್ಲಿ ಪೂರ್ತಿಯಾಗಿ ಹೇಳಿದ ಹಿರಿಮೆ ತೊರವೆಯ ಕವಿಯದು.

ಇಲ್ಲಿ ಒಂದು ಸಣ್ಣ ಸಂಗತಿಯನ್ನು ವಿದ್ಯಾರ್ಥಿಗಳು ಗಮನಿಸಬೇಕು. ಕುಮಾರವ್ಯಾಸನ ಕಾವ್ಯವನ್ನು ಜನ ‘ಗದುಗಿನ ಭಾರತ’ ಎಂದರು. ಇವನದನ್ನು ‘ತೊರವೆ ರಾಮಾಯಣ’ ಎಂದರು. ಎರಡೂ ಉತ್ತರ ಕರ್ನಾಟಕದ ಕೃತಿಗಳು, ಎರಡಕ್ಕೂ ಊರಿನ ಹೆಸರೇ ಹೆಸರು. ಕಾರಣ, ಆ ಇಬ್ಬರೂ ಕಾವ್ಯವನ್ನು ತಮ್ಮದೆಂದು ಹೇಳಿಕೊಳ್ಳಲಿಲ್ಲ. ಒಬ್ಬ ಗದುಗಿನ ವೀರನಾರಾಯಣನ ಅಂಕಿತದಲ್ಲಿ ಬರೆದ, ಇನ್ನೊಬ್ಬ ತೊರವೆಯ ನರಸಿಂಹನ ಅಂಕಿತದಲ್ಲಿ ಬರೆದ. ದೇವರ ಹೆಸರು ಹೇಳಬೇಕಾದರೆ ಊರ ಹೆಸರು ಬರಲೇಬೇಕು. ನರಸಿಂಹ ಎಲ್ಲ ಊರಲ್ಲೂ ಇದ್ದಾನೆ, ಈ ನರಸಿಂಹ ತೊರವೆಯಲ್ಲಿ ಮಾತ್ರ. ಹೀಗಾಗಿ ಕವಿ ತನ್ನ ಹೆಸರನ್ನು ಹಿಂದಿಟ್ಟು ಊರಿನ ಹೆಸರನ್ನು ಮುಂದಿಟ್ಟ. ಐದು ಶತಮಾನ ಕಳೆದ ಮೇಲೆ ನರಹರಿ ಎಂಬ ಹೆಸರನ್ನು ಬಲ್ಲವರು ಕಡಿಮೆ, ತೊರವೆ ಎಂಬ ಹೆಸರನ್ನು ಬಲ್ಲವರು ಹೆಚ್ಚು.

ಆ ನರಸಿಂಹನ ಗುಡಿ ಈಗಲೂ ತೊರವಿಯಲ್ಲಿದೆ. ಅದರ ವಿಶೇಷವೆಂದರೆ ಅದು ನೆಲದೊಳಗಿನ ಗುಡಿ. ಸಾಮಾನ್ಯವಾಗಿ ದೇವರ ದರ್ಶನಕ್ಕೆ ಮೆಟ್ಟಿಲು ಹತ್ತುವುದು ರೂಢಿ, ಇಲ್ಲಿ ಇಳಿಯಬೇಕು. ಮೇಲೆ ಬಿಸಿಲು ಎಷ್ಟೇ ಇರಲಿ, ಒಳಗೆ ತಂಪು. ಸಮೀಪದಲ್ಲೇ ಲಕ್ಷ್ಮಿಯ ಗುಡಿಯೂ ಇದೆ. ದೊಡ್ಡ ಗೋಪುರವಿಲ್ಲ, ದೂರದಿಂದ ಕರೆಯುವ ಶಿಖರವಿಲ್ಲ. ಗೊತ್ತಿದ್ದವರು ಹೋಗಿ ಕೈಮುಗಿದು ಬರುತ್ತಾರೆ. ಗೊತ್ತಿಲ್ಲದವರು ಹಾದು ಹೋಗುತ್ತಾರೆ. ಮುಂದೆ ಹೇಳಲಿರುವ ನೀರಿನ ಕಥೆಯೂ ನೆಲದೊಳಗಿನದೇ. ತೊರವಿಯ ಸಂಪತ್ತು ಹೆಚ್ಚಾಗಿ ಇರುವುದು ಕಣ್ಣಿಗೆ ಕಾಣದ ಕಡೆ.

ಕಾವ್ಯ ಮಾತ್ರ ಊರಲ್ಲಿ ಕೂರಲಿಲ್ಲ. ಗಮಕಿಗಳ ಕೊರಳೇರಿ ಮಳೆಗಾಲದ ರಾತ್ರಿಗಳಲ್ಲಿ ಮಲೆನಾಡಿನ ಜಗಲಿಗಳಿಗೆ ಹೋಯಿತು, ಬಯಲುಸೀಮೆಯ ಗುಡಿಗಳಿಗೆ ಹೋಯಿತು. ಕಾಸರಗೋಡಿನ ಕುಂಬಳೆಯಲ್ಲಿ ಪಾರ್ತಿಸುಬ್ಬ ಯಕ್ಷಗಾನದ ರಾಮಾಯಣ ಪ್ರಸಂಗಗಳನ್ನು ಕಟ್ಟಿದಾಗ ಅವನಿಗೆ ಬಹುವಾಗಿ ಒದಗಿದ್ದು ಈ ತೊರವೆ ರಾಮಾಯಣವೇ ಎಂದು ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಎಲ್ಲಿಯ ಡೋಣಿ ಸೀಮೆಯ ಎರೆಹೊಲ, ಎಲ್ಲಿಯ ಅರಬ್ಬೀ ಸಮುದ್ರದ ದಂಡೆ! ನಡುವೆ ಸಹ್ಯಾದ್ರಿಯೇ ಅಡ್ಡ ಇದೆ. ಆದರೂ ಚಂಡೆಯ ಪೆಟ್ಟಿಗೆ ರಾಮ ರಾವಣರು ರಂಗಕ್ಕೆ ಬಂದಾಗ ಅವರ ಮಾತಿನ ಹಿಂದೆ ಈ ಬಯಲುಸೀಮೆಯ ಹಳ್ಳಿಯ ಉಸಿರಿದೆ.

ಎರಡನೆಯದು ನೀರು. ಇದನ್ನು ತಿಳಿಯಬೇಕಾದರೆ ಮೊದಲು ಈ ಸೀಮೆಯ ಬಾಯಾರಿಕೆಯನ್ನು ತಿಳಿಯಬೇಕು. ಇಲ್ಲಿ ಮಳೆ ಕಡಿಮೆ, ಬಂದರೂ ನಂಬಿಕೆಯಿಲ್ಲ. ನೆಲ ಮಾತ್ರ ಫಲವತ್ತು. ‘ಡೋಣಿ ಬೆಳೆದರೆ ಓಣಿಯೆಲ್ಲ ಕಾಳು’ ಎಂಬ ಗಾದೆ ಹುಟ್ಟಿದ್ದು ಈ ಎರೆಭೂಮಿಯ ಬಿಳಿಜೋಳ ನೋಡಿಯೇ. ಆದರೆ ಆ ಗಾದೆಯಲ್ಲಿರುವ ‘ಬೆಳೆದರೆ’ ಎಂಬ ಮಾತಿನ ಭಾರ ರೈತನಿಗೆ ಗೊತ್ತು. ಡೋಣಿ ಹೊಳೆಯ ನೀರು ಸವುಳು; ಕುಡಿಯಲು ಒದಗುವಂಥದಲ್ಲ. ಇಂಥ ಸೀಮೆಯಲ್ಲಿ ಆದಿಲ್‌ಶಾಹಿ ಅರಸರು ರಾಜಧಾನಿ ಕಟ್ಟಿದರು. 1565ರ ಯುದ್ಧದಲ್ಲಿ ವಿಜಯನಗರ ಸೋತ ಮೇಲೆ ಬಿಜಾಪುರಕ್ಕೆ ಹಣ ಬಂತು, ಜನ ಬಂದರು, ಸೈನ್ಯ ಬೆಳೆಯಿತು. ಕಲ್ಲಿನ ಕೋಟೆಯೇನೋ ಎದ್ದಿತು. ಕೋಟೆಯೊಳಗಿನ ಗಂಟಲುಗಳಿಗೆ ನೀರೆಲ್ಲಿ?

ಆಗ ನಗರ ತೊರವಿಯ ಕಡೆ ತಿರುಗಿತು. ತೊರವಿಯ ನೆಲ ನಗರಕ್ಕಿಂತ ಎತ್ತರ. ಅಲ್ಲಿ ನೆಲದಡಿ ಸಿಕ್ಕ ನೀರನ್ನು ಇಳಿಜಾರಿನಲ್ಲಿ ಹರಿಯಬಿಟ್ಟರೆ ಅದು ತಾನಾಗಿ ನಗರಕ್ಕೆ ಬರುತ್ತದೆ. ಮೊದಲನೆಯ ಅಲಿ ಆದಿಲ್‌ಶಾಹನ ಕಾಲದ್ದೆಂದು (1558–1580) ಹೇಳುವ ಈ ವ್ಯವಸ್ಥೆಗೆ ಪಾರಸೀಕ ದೇಶದ ಹೆಸರು ‘ಕಾರೇಜ್’ ಅಥವಾ ‘ಕನಾತ್’. ಇರಾನಿನ ಕನಾತುಗಳನ್ನು 2016ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮಲ್ಲಿ ಬೀದರಿನಲ್ಲೂ ಇಂಥದೊಂದಿದೆ. ತೊರವಿಯವರು ಅದನ್ನು ತಮ್ಮ ಭಾಷೆಗೆ ಒಗ್ಗಿಸಿಕೊಂಡು ‘ಸುರಂಗ ಬಾವಡಿ’ ಎಂದರು.

ಅದು ಕೆಲಸ ಮಾಡುವ ಬಗೆಯನ್ನು ವಿಜ್ಞಾನದ ವಿದ್ಯಾರ್ಥಿಗಳು ಒಮ್ಮೆ ಮನಸ್ಸಿನಲ್ಲಿ ಬರೆದು ನೋಡಬೇಕು. ಎತ್ತರದ ಜಾಗದಲ್ಲಿ ಮೊದಲು ಒಂದು ತಾಯಿಬಾವಿ. ಅದರಲ್ಲಿ ನೆಲದಡಿಯ ನೀರು ಸಿಕ್ಕಿತೆಂದರೆ, ಆ ಮಟ್ಟದಿಂದ ಊರ ಕಡೆಗೆ ಒಂದು ಸುರಂಗ. ಸುರಂಗಕ್ಕೆ ಇಳಿಜಾರು ಬೇಕು, ಆದರೆ ಅತಿಯಾಗಬಾರದು. ಅತಿಯಾದರೆ ನೀರು ರಭಸದಿಂದ ಹರಿದು ತಳವನ್ನೇ ಕೊರೆಯುತ್ತದೆ. ತೀರಾ ಕಡಿಮೆಯಾದರೆ ನಿಂತು ಹೂಳು ಕಟ್ಟುತ್ತದೆ. ಸುರಂಗದ ಉದ್ದಕ್ಕೂ ಅಲ್ಲಲ್ಲಿ ನೆಟ್ಟಗೆ ಬಾವಿಯಂಥ ಕಂಡಿಗಳು. ತೋಡುವಾಗ ಕಲ್ಲುಮಣ್ಣು ಹೊರತೆಗೆಯುವುದಕ್ಕೆ, ಕೆಲಸಗಾರರಿಗೆ ಗಾಳಿ ಬರುವುದಕ್ಕೆ, ಆಮೇಲೆ ಹೂಳು ತೆಗೆಯಲು ಇಳಿಯುವುದಕ್ಕೆ, ದಾರಿಯಲ್ಲಿರುವ ಜನ ಕೊಡ ಇಳಿಬಿಟ್ಟು ನೀರು ಸೇದುವುದಕ್ಕೆ, ಎಲ್ಲಕ್ಕೂ ಅದೇ. ನೀರು ನೆಲದೊಳಗೇ ಹರಿಯುವುದರಿಂದ ಬಿಜಾಪುರದ ಬಿಸಿಲು ಅದನ್ನು ಕುಡಿಯಲಾರದು. ಎತ್ತು ಬೇಡ, ಎಣ್ಣೆ ಬೇಡ, ಕರೆಂಟು ಬೇಡ. ನೆಲದ ಇಳಿಜಾರೇ ಪಂಪು.

ನೀರು ನಗರಕ್ಕೆ ಬಂದ ಮೇಲೂ ಲೆಕ್ಕಾಚಾರ ಮುಗಿಯುವುದಿಲ್ಲ. ಬಿಜಾಪುರದ ಜಲವ್ಯವಸ್ಥೆಯಲ್ಲಿ ಮಣ್ಣಿನ ಕೊಳವೆಗಳಿದ್ದವು, ಅವುಗಳ ಸುತ್ತ ಗಾರೆಯ ಕವಚವಿತ್ತು. ಕೊಳವೆಯಲ್ಲಿ ಒತ್ತಡ ಹೆಚ್ಚಾದರೆ ಒಡೆಯುತ್ತದೆ. ಅದಕ್ಕಾಗಿ ಅಲ್ಲಲ್ಲಿ ‘ಗಂಜ್’ ಎಂಬ ಗೋಪುರಗಳನ್ನು ಕಟ್ಟಿದರು. ನೀರು ಅದರೊಳಗೆ ಏರಿ, ಒತ್ತಡ ಇಳಿಸಿಕೊಂಡು, ಹೊತ್ತುತಂದ ಹೂಳನ್ನು ತಳಕ್ಕೆ ಬಿಟ್ಟು, ಮುಂದೆ ಹೋಗುತ್ತಿತ್ತು. ವಿಜಯಪುರದ ಹಳೆಯ ಬೀದಿಗಳಲ್ಲಿ ಈಗಲೂ ಇಂಥ ಗಂಜ್‌ಗಳು ಒಂಟಿಯಾಗಿ ನಿಂತಿವೆ. ಅವು ಏನೆಂದು ತಿಳಿಯದೆ ಪೋಸ್ಟರು ಅಂಟಿಸುವವರಿದ್ದಾರೆ. ಕಾವ್ಯದ ನರಹರಿಯ ಹೆಸರಾದರೂ ಉಳಿಯಿತು. ಬಸಾಲ್ಟಿನ ಬಂಡೆಯಲ್ಲಿ, ಎಣ್ಣೆದೀಪದ ಬೆಳಕಿನಲ್ಲಿ, ಗೇಣುಗೇಣಾಗಿ ಇಳಿಜಾರು ಹಿಡಿದು ಸುರಂಗ ತೋಡಿದ ಕೈಗಳ ಹೆಸರನ್ನು ಯಾವ ತವಾರೀಖೂ ಬರೆದಿಲ್ಲ. ಆದರೆ ಆ ಕೈಗಳಿಲ್ಲದೆ ಗುಮ್ಮಟವೂ ಇಲ್ಲ, ಮಹಲುಗಳೂ ಇಲ್ಲ. ಗಾರೆ ಕಲಸಲು ಸಹ ನೀರೇ ಬೇಕು.

ಮೂರನೆಯದು ರಾಜಧಾನಿ. 1580ರಲ್ಲಿ ಎಳೆಯ ಹುಡುಗನಾಗಿದ್ದಾಗಲೇ ಪಟ್ಟಕ್ಕೆ ಬಂದ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ದೊಡ್ಡವನಾದಂತೆ ಸಂಗೀತದ ಹುಚ್ಚು ಹಿಡಿಸಿಕೊಂಡ. ಅವನು ಬರೆದ ‘ಕಿತಾಬ್-ಎ-ನವರಸ್’ ದಖನಿ ಭಾಷೆಯಲ್ಲಿರುವ ಹಾಡುಗಳ ಪುಸ್ತಕ. ಅದರಲ್ಲಿ ಸರಸ್ವತಿಯ ಸ್ತುತಿ ಇದೆ, ಗಣಪತಿಯ ಸ್ತುತಿ ಇದೆ, ಕಲಬುರಗಿಯ ಖ್ವಾಜಾ ಬಂದೇನವಾಜರ ಸ್ತುತಿಯೂ ಇದೆ. ತಾನು ನುಡಿಸುವ ತಂಬೂರಿಗೆ ‘ಮೋತಿಖಾನ್’ ಎಂದು ಹೆಸರಿಟ್ಟು, ಅದನ್ನು ಆಪ್ತ ಗೆಳೆಯನಂತೆ ಕೊಂಡಾಡಿದವನು ಅವನು. ಜನ ಅವನನ್ನು ‘ಜಗದ್ಗುರು’ ಎಂದು ಕರೆದರು. ‘ನವರಸ’ ಎಂಬ ಮಾತಿನ ಮೇಲೆ ಅವನಿಗೆ ಎಷ್ಟು ಮೋಹವೆಂದರೆ ನಾಣ್ಯಕ್ಕೂ ಅದೇ ಹೆಸರು. ಅವನ ಆಸ್ಥಾನದಲ್ಲಿ ಫಿರಿಶ್ತಾ ಬರೆದ ಪ್ರಸಿದ್ಧ ಇತಿಹಾಸಕ್ಕೂ ‘ನವರಸನಾಮಾ’ ಎಂಬ ಇನ್ನೊಂದು ಹೆಸರಿದೆ. ಕೊನೆಗೆ ಒಂದು ಊರಿಗೇ ಆ ಹೆಸರಿಡಬೇಕೆನ್ನಿಸಿತು.

ಆ ಊರಿಗಾಗಿ ಅವನು ಆರಿಸಿಕೊಂಡದ್ದು ತೊರವಿಯನ್ನು. 1599ರಲ್ಲಿ ನವರಸಪುರದ ಕೆಲಸ ಆರಂಭವಾಯಿತು. ರಾಜ್ಯದ ಮೂಲೆಮೂಲೆಯಿಂದ ಕಲ್ಲುಕುಟಿಗರು, ಬಡಗಿಗಳು, ಗಾರೆಯವರು ಬಂದರು. ಸರದಾರರಿಗೆ ಮಹಲು, ವ್ಯಾಪಾರಿಗಳಿಗೆ ಪೇಟೆ, ಹಾಡುವವರಿಗೂ ನುಡಿಸುವವರಿಗೂ ನೆಲೆ. ಜೋಳದ ಹೊಲದ ಬದುವಿನಲ್ಲಿ ನಿಂತ ಅಂದಿನ ರೈತನಿಗೆ ಆ ಗದ್ದಲ ಏನೆನ್ನಿಸಿತೋ! ಅವನ ಮಾತನ್ನು ಬರೆದಿಟ್ಟವರಿಲ್ಲ. ಆ ಕಾಲದ ಸಂಗೀತ ಮಹಲ್ ಇವತ್ತಿಗೂ ನಿಂತಿದೆ. ನಗರದೊಳಗಿನ ಗಗನ ಮಹಲ್‌ನದೇ ಚಿಕ್ಕ ರೂಪ ಅದು: ನಡುವೆ ಅಗಲವಾದ ಒಂದು ಕಮಾನು, ಆಚೀಚೆ ಕಿರಿದಾದ ಎರಡು ಕಮಾನುಗಳು. ಪಕ್ಕದಲ್ಲಿ ನಾರಿ ಮಹಲ್‌ನ ಅವಶೇಷ. ಮಾಡು ಬಿದ್ದುಹೋಗಿ ಈಗ ಆಕಾಶವೇ ಛಾವಣಿ. ಚಪ್ಪಾಳೆ ತಟ್ಟಿದರೆ ಗೋಡೆಗಳಲ್ಲಿ ಗೂಡು ಕಟ್ಟಿದ ಹಕ್ಕಿಗಳು ಹಾರುತ್ತವೆ.

ಹೊಸ ನಗರ ಬಹಳ ದಿನ ಬಾಳಲಿಲ್ಲ. ಅದರ ಕೋಟೆಗೋಡೆ ಪೂರ್ತಿಯಾಗಲೇ ಇಲ್ಲ. 1624ರಲ್ಲಿ ಅಹಮದನಗರದ ನಿಜಾಮಶಾಹಿಯ ಸೇನಾನಿ ಮಲಿಕ್ ಅಂಬರ್ ಬಿಜಾಪುರದ ಮೇಲೆ ಏರಿಬಂದ. ರಾಜಧಾನಿಯ ಬಲವಾದ ಕೋಟೆಯೊಳಗೆ ಅರಸ ಸೇರಿಕೊಂಡ. ಹೊರಗಿದ್ದ ನವರಸಪುರ ಲೂಟಿಯಾಯಿತು. ಮೂರು ವರ್ಷ ಕಳೆದು ಇಬ್ರಾಹಿಮನೂ ತೀರಿಕೊಂಡ. ತೊರವಿಗೂ ನಗರಕ್ಕೂ ನಡುವೆ, ಪಶ್ಚಿಮದ ಕೋಟೆಯ ಹೊರಗೆ, ತನ್ನ ಹೆಸರಿನ ಚೆಲುವಾದ ರೋಜಾದಲ್ಲಿ ಮಲಗಿದ. 1686ರಲ್ಲಿ ಔರಂಗಜೇಬನ ಕೈಗೆ ಬಿಜಾಪುರವೇ ಸಿಕ್ಕಿತು. ನವರಸಪುರವನ್ನು ಮತ್ತೆ ಎತ್ತಿ ನಿಲ್ಲಿಸುವವರು ಯಾರೂ ಬರಲಿಲ್ಲ. ಕಟ್ಟಿಸಲು ತೊಡಗಿದ್ದರಿಂದ ಲೂಟಿಯಾಗುವವರೆಗೆ ಲೆಕ್ಕ ಹಾಕಿದರೆ ಅದರ ಆಯಸ್ಸು 25 ವರ್ಷ.

ತೊರವಿಯಲ್ಲಿ ಕಲಿಯಬೇಕಾದ ಪಾಠ ಇಲ್ಲಿದೆ. ಅರಸ ಊರಿಗೆ ಹೊಸ ಹೆಸರು ಕೊಟ್ಟ. ಅದು ಕೆಟ್ಟ ಹೆಸರೇನಲ್ಲ, ಬಹು ಸೊಗಸಾದ ಹೆಸರು. ಅದರ ಬೆನ್ನಿಗೆ ಖಜಾನೆ ಇತ್ತು, ಸೈನ್ಯವಿತ್ತು, ಪಾರಸೀ ಕವಿಗಳಿದ್ದರು. ಆದರೂ ನವರಸಪುರವೆಂಬುದು ಪುಸ್ತಕ ಸೇರಿತು. ಬಸ್ಸಿನ ಬೋರ್ಡಿನಲ್ಲಿ ಉಳಿದದ್ದು ತೊರವಿ. ಆಮೇಲೆ ನಮ್ಮ ಕಾಲದಲ್ಲಿ ‘ನವರಸಪುರ ಉತ್ಸವ’ ಎಂದು ಹಳೆಯ ಹೆಸರನ್ನು ನೆನಪಿಸಿಕೊಂಡದ್ದುಂಟು. ಅದು ಸಂತೋಷವೇ. ಆದರೆ ಉತ್ಸವ ಮುಗಿದ ಮರುದಿನ ಜನ ಇಳಿಯುವುದು ತೊರವಿಯಲ್ಲೇ. ರಾಜಧಾನಿಗೆ ಅರಸ ಬೇಕು. ಅವನು ಹೋದರೆ ಅದೂ ಹೋಗುತ್ತದೆ. ಹಳ್ಳಿಗೆ ಒಂದು ಗುಡಿ, ಒಂದು ಬಾವಿ, ನಾಲ್ಕು ಹೊಲ, ಅವುಗಳ ಹೆಸರು ಹೇಳುವ ಬಾಯಿಗಳು ಇದ್ದರೆ ಸಾಕು.

ಹಾಗಾದರೆ ಹಳ್ಳಿಗೆ ಏನೂ ಭಯವಿಲ್ಲವೆ? ಇದೆ. ಸೈನ್ಯದಿಂದಲ್ಲ, ಮರೆವಿನಿಂದ. ನೀರಿನ ಕಥೆಯನ್ನೇ ನೋಡಿ. ನಗರಕ್ಕೆ ಬೇರೆ ಕಡೆಯಿಂದ ನಳದ ನೀರು ಬಂದ ಮೇಲೆ ಸುರಂಗದ ಅಗತ್ಯ ತಪ್ಪಿತು. ಅಗತ್ಯ ತಪ್ಪಿದ ಮೇಲೆ ಹೂಳು ತೆಗೆಯುವವರಿಲ್ಲ. ಕೆಲವು ಕಂಡಿಗಳಿಗೆ ಕಸ ಬಿತ್ತು, ಕೆಲವಕ್ಕೆ ಮಣ್ಣು ಬಿತ್ತು. ಈಗ ನಗರ ಪಶ್ಚಿಮಕ್ಕೂ ಬೆಳೆಯುತ್ತಿದೆ. ಹೊಲಗಳು ಎನ್.ಎ. ಆಗಿ, ಸುಣ್ಣದ ಗೆರೆ ಬಿದ್ದು, ನಿವೇಶನಗಳಾಗುತ್ತಿವೆ. ಸುರಂಗದ ಕಂಡಿಯೊಂದು ಒಮ್ಮೆ ಯಾರದೋ ಮನೆಯ ತಳಪಾಯದಡಿ ಸೇರಿತೆಂದರೆ ಅದನ್ನು ಹುಡುಕುವುದು ಸಾಧ್ಯವಿಲ್ಲ. ಒಂದು ಕಂಡಿ ಮುಚ್ಚಿದರೆ ಹೋಗುವುದು ಒಂದು ಕಂಡಿಯಷ್ಟೇ ಅಲ್ಲ, ಸರಪಳಿಯ ಕೊಂಡಿ ಕಳಚಿದಂತೆ ಸುರಂಗದ ಗುರುತೇ ತಪ್ಪುತ್ತದೆ.

ಇದಕ್ಕೆ ಎದುರಾಗಿ ಒಂದು ಒಳ್ಳೆಯ ಸುದ್ದಿಯೂ ಬಂದದ್ದುಂಟು. ನ್ಯೂಯಾರ್ಕಿನ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಎಂಬ ಸಂಸ್ಥೆ, ಜಗತ್ತಿನಲ್ಲಿ ತುರ್ತಾಗಿ ಗಮನ ಕೊಡಬೇಕಾದ 25 ತಾಣಗಳ 2020ರ ಪಟ್ಟಿಯನ್ನು 2019ರಲ್ಲಿ ಪ್ರಕಟಿಸಿದಾಗ ಅದರಲ್ಲಿ ದಖ್ಖನ್ ಪ್ರಸ್ಥಭೂಮಿಯ ಈ ಸುರಂಗ ಬಾವಡಿಯ ಹೆಸರಿತ್ತು. ತೊರವಿಯ ಹೆಸರು ಮತ್ತೊಮ್ಮೆ ಹೊರಜಗತ್ತಿಗೆ ಹೋಯಿತು. ಆದರೆ ಪಟ್ಟಿಯಲ್ಲಿ ಸೇರುವುದೆಂದರೆ ಕಾಯಿಲೆ ಇದೆಯೆಂದು ವೈದ್ಯರು ಚೀಟಿ ಬರೆದುಕೊಟ್ಟಂತೆ. ಔಷಧಿ ತರಬೇಕಾದವರು ಮನೆಯವರೇ.

ಈ ಸೀಮೆಯಲ್ಲಿ ನೀರಿನ ದಾರಿ ಈಗ ತಿರುಗಿದೆ ಎಂಬುದನ್ನೂ ಹೇಳಬೇಕು. ಹಿಂದೆ ಹಳ್ಳಿಯ ನೀರು ನಗರಕ್ಕೆ ಹರಿಯುತ್ತಿತ್ತು. ಈಗ ಕೃಷ್ಣೆಯ ನೀರನ್ನು ಎತ್ತಿ ಹಳ್ಳಿಗಳಿಗೆ ತರಲಾಗುತ್ತಿದೆ. ಬಬಲೇಶ್ವರ ತಾಲ್ಲೂಕಿನ ಮಮದಾಪುರದಲ್ಲಿ ಮುಹಮ್ಮದ್ ಆದಿಲ್‌ಶಾಹ ಕಟ್ಟಿಸಿದ ದೊಡ್ಡ ಕೆರೆಯುಂಟು. ಗೋಲಗುಮ್ಮಟದಲ್ಲಿ ಮಲಗಿರುವ ಅರಸ ಅವನೇ. ಮಳೆಗೆ ಬಾಯಿ ಬಿಟ್ಟು ಕೂರುತ್ತಿದ್ದ ಇಂಥ ಕೆರೆಗಳಿಗೆ ಈಚೆಗೆ ನದಿಯ ನೀರು ತುಂಬಿಸಿದ್ದಾರೆ. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ತಿಕೋಟಾ, ಬಬಲೇಶ್ವರದ ಒಣನೆಲಗಳಿಗೆ ನೀರು ಬಂದಿದೆ. ಟ್ಯಾಂಕರಿನಲ್ಲಿ ನೀರು ತರಿಸಿ ದ್ರಾಕ್ಷಿ ಬಳ್ಳಿ ಉಳಿಸಿಕೊಂಡ, ಒಣದ್ರಾಕ್ಷಿಯ ಶೆಡ್ಡುಗಳ ಮುಂದೆ ನಿಂತು ಮೋಡ ನೋಡಿದ ರೈತನಿಗೆ ಇದರ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. ಒಂದು ವ್ಯತ್ಯಾಸವನ್ನು ಮಾತ್ರ ಮಕ್ಕಳಿಗೆ ತೋರಿಸಬಹುದು: ಏತಕ್ಕೆ ಪ್ರತಿದಿನ ಕರೆಂಟು ಬೇಕು, ಬಿಲ್ಲು ಕಟ್ಟಬೇಕು, ತೊರವಿಯ ಸುರಂಗಕ್ಕೆ ಬೇಕಾದದ್ದು ಇಳಿಜಾರು ಮತ್ತು ವರ್ಷಕ್ಕೊಮ್ಮೆ ಹೂಳು ತೆಗೆಯುವ ಮನಸ್ಸು. ಒಂದು ಇನ್ನೊಂದಕ್ಕೆ ಬದಲಿಯಲ್ಲ. ಆದರೆ ಎರಡನ್ನೂ ಬಲ್ಲ ಎಂಜಿನಿಯರು ಒಂದನ್ನೇ ಬಲ್ಲವನಿಗಿಂತ ಮೇಲು.

ಇನ್ನು ನಾಲ್ಕನೆಯ ಆಗಮನ. 2003ರಲ್ಲಿ ರಾಜ್ಯದ ಮೊದಲ ಮಹಿಳಾ ವಿಶ್ವವಿದ್ಯಾಲಯ ಬಿಜಾಪುರದಲ್ಲಿ ಆರಂಭವಾಯಿತು. ಅದರ ಜ್ಞಾನಶಕ್ತಿ ಆವರಣ ಎದ್ದದ್ದು ತೊರವಿಯಲ್ಲಿ. 2017ರಲ್ಲಿ ಅದಕ್ಕೆ ಅಕ್ಕಮಹಾದೇವಿಯ ಹೆಸರು ಬಂತು. ಅರಮನೆಯನ್ನು ಬಿಟ್ಟು ಹೊರಟ ಹೆಣ್ಣುಮಗಳ ಹೆಸರು ಅರಸನ ಮಹಲು ಪಾಳುಬಿದ್ದ ಊರಿಗೆ ಬಂದು ನಿಂತದ್ದು ಕಾಕತಾಳೀಯವೇ ಇರಬೇಕು, ಆದರೂ ಚೆನ್ನಾಗಿದೆ. ಈಗ ಬೆಳಗಿನ ಬಸ್ಸುಗಳಲ್ಲಿ ಬಂದು ಇಲ್ಲಿ ಇಳಿಯುವವರು ಹಳ್ಳಿಗಳ ಹುಡುಗಿಯರು. ಅವರ ಅಜ್ಜಿಯರಲ್ಲಿ ಹೆಬ್ಬೆಟ್ಟು ಒತ್ತಿದವರೇ ಹೆಚ್ಚು. ತಾಯಂದಿರಲ್ಲಿ ಏಳನೆಯ ಇಯತ್ತೆಗೆ ಶಾಲೆ ಬಿಟ್ಟವರು ಬಹಳ. ಅವರ ಮಕ್ಕಳು ಎಂ.ಎ., ಎಂ.ಎಸ್ಸಿ. ಎನ್ನುತ್ತಿದ್ದಾರೆ.

ಪ್ರವೇಶದ ದಿನಗಳಲ್ಲಿ ಮಗಳ ಸರ್ಟಿಫಿಕೇಟುಗಳ ಪ್ಲಾಸ್ಟಿಕ್ ಚೀಲವನ್ನು ಎದೆಗವಚಿಕೊಂಡ ಅಪ್ಪಂದಿರು ಇಲ್ಲಿ ಕಾಣಸಿಗುತ್ತಾರೆ. ಕೆಲಸ ಬೇಗ ಮುಗಿದು, ಬಸ್ಸಿಗೆ ಹೊತ್ತಿದ್ದರೆ, ಸಂಗೀತ ಮಹಲಿನ ಕಡೆಗೂ ಕೆಲವರು ಕಾಲು ಹಾಕುತ್ತಾರೆ. ಅಂಥಲ್ಲಿ ಕೇಳಬಹುದಾದ ಮಾತು ಸಾಮಾನ್ಯವಾಗಿ ಹೀಗಿರುತ್ತದೆ.

“ಅಪ್ಪಾ, ಇದೇನ್ ಗುಡಿ ಏನ?”

“ಗುಡಿ ಅಲ್ಲ ತಂಗಿ. ಬಾದಶಹನ ಮಾಳಿಗಿ. ಹಾಡ ಕೇಳಾಕ ಕಟ್ಟಿಸಿದ್ನಂತ.”

“ಬರೇ ಹಾಡ ಕೇಳಾಕ ಇಷ್ಟ ದೊಡ್ಡದಾ?”

“ಅವರ ಹಾಡಿಗೆ ಮಾಳಿಗಿ ಬೇಕಿತ್ತವ್ವಾ. ನಮ್ಮ ಹಾಡಿಗೆ ಕಣ ಸಾಕಾಗ್ತಿತ್ತು.”

ರಾಶಿ ಮಾಡುವ ಕಣದಲ್ಲಿ ಹಂತಿಯ ಹಾಡು ಕೇಳಿ ಬೆಳೆದ ತಲೆಮಾರಿನ ಮಾತು ಅದು. ಈಗ ರಾಶಿಗೆ ಮಷಿನ್ನು ಬಂದಿದೆ, ಹಂತಿ ನಿಂತಿದೆ, ಹಾಡೂ ನಿಂತಿದೆ. ಬಾದಶಹನ ಹಾಡುಗಳು ಪುಸ್ತಕದಲ್ಲಿ ಉಳಿದವು. ಕಣದ ಹಾಡುಗಳು ಅಪ್ಪನ ನೆನಪಿನಲ್ಲಿವೆ. ವಿಶ್ವವಿದ್ಯಾಲಯಕ್ಕೆ ಬಂದ ಮಗಳು ಅವನ್ನು ಕೇಳಿ ಬರೆದುಕೊಳ್ಳದಿದ್ದರೆ ಇನ್ನು ಯಾರು ಬರೆದುಕೊಳ್ಳಬೇಕು?

ವಿದ್ಯಾರ್ಥಿಗಳು ಇಲ್ಲಿ ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಭೂಗೋಳ ಓದುವವರು ಸುರಂಗದ ಕಂಡಿಗಳು ಎಲ್ಲೆಲ್ಲಿವೆ ಎಂದು ಊರ ಹಿರಿಯರನ್ನು ಕೇಳಿ ನಕ್ಷೆಯಲ್ಲಿ ಗುರುತು ಹಾಕಬಹುದು. ಒಳಗೆ ಮಾತ್ರ ಇಳಿಯಬಾರದು. ಹಳೆಯ ಬಾವಿಯ ಗಾಳಿಯನ್ನು ನಂಬುವಂತಿಲ್ಲ. ಕನ್ನಡ ಓದುವವರು ಹೊಲಗಳ ಹೆಸರು ಬರೆದುಕೊಳ್ಳಬಹುದು. ಉತಾರೆಯಲ್ಲಿ ಹೊಲಕ್ಕೆ ಸರ್ವೆ ನಂಬರು ಮಾತ್ರ ಇರುತ್ತದೆ. ಆದರೆ ಪ್ರತಿ ಹೊಲಕ್ಕೂ ಜನರಿಟ್ಟ ಒಂದು ಹೆಸರಿದೆ, ಅದರಲ್ಲಿ ಬಾವಿಯೋ ಮರವೋ ಹಿರಿಯನೋ ಅಡಗಿರುತ್ತಾನೆ. ಹೊಲ ನಿವೇಶನವಾದ ದಿನ ಆ ಹೆಸರು ಸಾಯುತ್ತದೆ. ತೊರವಿಯಲ್ಲಿ ಮಾಡಿದ್ದನ್ನು ತಿಕೋಟಾದಲ್ಲೂ ಮಾಡಬಹುದು, ಸಾರವಾಡದಲ್ಲೂ ಮಾಡಬಹುದು. ಅರಸ ಬರದ ಊರಿಗೆ ಚರಿತ್ರೆಯಿಲ್ಲ ಎಂಬುದು ಸುಳ್ಳು.

ತಾಯಿತಂದೆಯರ ಪಾಲಿಗೂ ಒಂದು ಕೆಲಸ ಇದೆ. ಉತ್ತರ ಕರ್ನಾಟಕದಲ್ಲಿ ಇಬ್ಬರು ಎದುರಾದರೆ ಹೆಸರಿಗಿಂತ ಮೊದಲು ಕೇಳುವುದು ‘ಯಾವೂರ್ರೀ ನಿಮ್ಮದು?’ ಎಂದು. ಬೆಂಗಳೂರು, ಪುಣೆಗಳಿಗೆ ಹೋದ ನಮ್ಮ ಮಕ್ಕಳು ಇದಕ್ಕೆ ಹಳ್ಳಿಯ ಹೆಸರು ಹೇಳಲು ಸಂಕೋಚಪಟ್ಟು ‘ವಿಜಯಪುರದ ಹತ್ತಿರ’ ಎಂದು ಹೇಳಿ ಸುಮ್ಮನಾಗುತ್ತಾರೆ. ಕೇಳಿದವರಿಗೆ ಗೊತ್ತಾಗಲಿಕ್ಕಿಲ್ಲ ಎಂಬುದು ಅವರ ಸಮಾಧಾನ. ಆ ಸಂಕೋಚ ಮಗುವಿಗೆ ತಾನಾಗಿ ಹುಟ್ಟುವುದಿಲ್ಲ; ಮನೆಯಲ್ಲಿ ‘ಈ ಹಳ್ಳ್ಯಾಗ ಏನೈತಿ’ ಎಂಬ ಮಾತನ್ನು ದಿನವೂ ಕೇಳಿ ಬೆಳೆಯುತ್ತದೆ. ಏನಿದೆ ಎಂದು ಒಂದು ಸಂಜೆಯಾದರೂ ಮಗುವಿನ ಕೈಹಿಡಿದು ತೋರಿಸಬೇಕು. ಐನೂರು ವರ್ಷದ ಹಿಂದೆ, ಓದು ಬರಹ ಬಲ್ಲ ಒಬ್ಬ ಕವಿಗೆ ದೊಡ್ಡ ದೊಡ್ಡ ಊರುಗಳ ಹೆಸರು ಗೊತ್ತಿಲ್ಲದೆ ಇರಲಿಲ್ಲ. ಯಾವೂರು ಎಂದು ಜಗತ್ತು ಕೇಳಬಹುದಾದ ಪ್ರಶ್ನೆಗೆ ಅವನು ತನ್ನ ಕಾವ್ಯದಲ್ಲೇ ಉತ್ತರ ಬರೆದಿಟ್ಟ. ಯಾವುದರ ಹತ್ತಿರ ಎಂದು ಹೇಳಲಿಲ್ಲ. ತೊರವೆ ಎಂದಷ್ಟೇ ಹೇಳಿದ.